ಸೈರನ್ ಕೂಗಿದರೆ ಓಡಿಬರುವವರು

ಕಾಸಾಬ್ಲಾಂಕಾ, ಪ್ರಧಾನ ಕಚೇರಿ
9 ಜೂನ್ 2003

ಲಲ್ಲಾ ಕೆಲ್ತೂಮ್ ಅವರಿಗೆ,

ಸಫಿಯಲ್ಲಿರುವ ನಮ್ಮ ಮೀನು ಡಬ್ಬಿ ಕಾರ್ಖಾನೆಯ ತುರ್ತು ವ್ಯವಸ್ಥೆಗೆ ನಿಮ್ಮನ್ನು ಅಧಿಕಾರಿಯಾಗಿ ನೇಮಿಸಿದ ಆದೇಶ ಈ ಲಕೋಟೆಯಲ್ಲಿದೆ. ಜೊತೆಗೆ ಅರವತ್ತೆರಡು ಪುಟದ ಕಾರ್ಯಕ್ರಮ ಪುಸ್ತಕವೂ ಇದೆ. ನಿಮ್ಮ ಡಬ್ಬಿಗಳನ್ನು ಹೊತ್ತು ಬರುವ ಲಾರಿಯ ಚಾಲಕನ ಕೈಯಲ್ಲಿ ಉತ್ತರ ಕಳುಹಿಸಿ. ಫೋನಿನಲ್ಲಿ ಆಡಿದ ಮಾತಿಗೆ ಕಡತದಲ್ಲಿ ಜಾಗವಿಲ್ಲ.

ನಾನು ಈ ಕಚೇರಿಗೆ ಸೇರಿದಾಗ ತುರ್ತು ವ್ಯವಸ್ಥೆ ಎಂದರೆ ಕಾರ್ಖಾನೆಗೆ ಹನ್ನೊಂದು ಮರಳಿನ ಬಕೆಟ್ಟು ಮತ್ತು ಒಬ್ಬ ವಯಸ್ಸಾದ ಕಾವಲುಗಾರ. ಆಮೇಲೆ ವಿಮೆಯವರು ಕೇಳಿದರೆಂದು ಗೋಡೆಗೊಂದು ನಕ್ಷೆ ಬಂತು. ಈಗ ಹೊರದೇಶದ ಖರೀದಿದಾರರು ಬೇರೆಯದೇ ಪ್ರಶ್ನೆ ಕೇಳುತ್ತಿದ್ದಾರೆ. ಶೀತಲಗೃಹದ ಅಮೋನಿಯಾ ಸೋರಿದರೆ ಮೊದಲ ಐದು ನಿಮಿಷ ಯಾರು ಏನು ಮಾಡುತ್ತೀರಿ? ಆ ಕೆಲಸಕ್ಕೆ ಹೆಸರಿರುವ ಒಬ್ಬ ಮನುಷ್ಯ ಇದ್ದಾನೆಯೇ? ಸಫಿಯಲ್ಲಿ ಆ ಹೆಸರು ನಿಮ್ಮದು.

ಹದಿನಾಲ್ಕನೇ ಪುಟವನ್ನು ಮೊದಲು ಓದಿ. ಸೈರನ್ ಒಂದು ನಿಮಿಷ ನಿಲ್ಲದೆ ಕೂಗಬೇಕು. ಎಲ್ಲರೂ ಕೆಲಸ ಬಿಟ್ಟು ಮುಖ್ಯ ಗೇಟಿನ ಪಕ್ಕದ ಬಯಲಿನಲ್ಲಿ ಸೇರಬೇಕು. ಅಲ್ಲಿ ತಲೆ ಎಣಿಸಬೇಕು. ಈ ತಿಂಗಳೊಳಗೆ ಒಮ್ಮೆ ಅಭ್ಯಾಸ ನಡೆಸಿ ವರದಿ ಕಳುಹಿಸಿ.

ಇದ್ರೀಸ್ ಲಮ್ರಾನಿ
ತುರ್ತು ಕಾರ್ಯಕ್ರಮ ವಿಭಾಗ


ಸಫಿ
26 ಜೂನ್ 2003

ಮಾನ್ಯ ಸೀ ಇದ್ರೀಸ್ ಅವರಿಗೆ ಸಲಾಂ.

ಆದೇಶ ತಲುಪಿತು. ಹತ್ತೊಂಬತ್ತು ವರ್ಷ ಸಾರ್ಡೀನ್ ಮೀನಿನ ತಲೆ ಕತ್ತರಿಸಿ, ಕತ್ತರಿಸುವವರ ಮೇಲ್ವಿಚಾರಣೆ ಮಾಡಿ ಬಂದವಳು ನಾನು. ನನ್ನನ್ನೇ ಏಕೆ ಆರಿಸಿದರೆಂದು ನಮ್ಮ ಕಾರ್ಖಾನೆಯ ವ್ಯವಸ್ಥಾಪಕ ಸೀ ತಿಜಾನಿಯವರನ್ನು ಕೇಳಿದೆ. "ಕೆಲ್ತೂಮ್, ನಿನಗೆ ಬಾಯಿ ಜಾಸ್ತಿ ಅಂತ ಊರೆಲ್ಲಾ ಹೇಳುತ್ತೆ. ಬೆಂಕಿ ಬಿದ್ದಾಗ ಬೇಕಾಗೋದು ಬಾಯೇ ತಾನೇ?" ಅಂದರು.

ಅಭ್ಯಾಸವನ್ನು ಮಂಗಳವಾರ, 24ರಂದು ಬೆಳಿಗ್ಗೆ ಹತ್ತೂವರೆಗೆ ನಡೆಸಿದೆವು. ಪಾಳಿಯಲ್ಲಿದ್ದವರು 126. ಸೈರನ್ ಒಂದು ನಿಮಿಷ ಕೂಗಿತು. ನಾಲ್ಕು ನಿಮಿಷಕ್ಕೆ ಮೇಜುಗಳ ಬಳಿ ಯಾರೂ ಉಳಿದಿರಲಿಲ್ಲ. ಬಯಲಿನಲ್ಲಿ ಎಣಿಸಿದಾಗ 171. ಯಾರಿಗೂ ಪೆಟ್ಟಾಗಲಿಲ್ಲ. ಒಬ್ಬಳು ಮಾತ್ರ ಮೀನಿನ ತಟ್ಟೆಯನ್ನೂ ಹೊತ್ತುಕೊಂಡು ಬಂದಿದ್ದಳು. ಬಿಟ್ಟು ಬಾ ಎಂದಿದ್ದೆನಲ್ಲ ಎಂದು ಗದರಿದರೆ, "ಅಮೋನಿಯಾ ಮೀನು ತಿನ್ನಲ್ಲ ಖಾಲ್ತಿ, ಬೆಕ್ಕು ತಿನ್ನುತ್ತೆ" ಅಂದಳು. ಇಲ್ಲಿ ಎಲ್ಲರಿಗೂ ನಾನು ಖಾಲ್ತಿ, ಚಿಕ್ಕಮ್ಮ. ಅಧಿಕಾರಿ ಎಂದು ಕರೆಯಲು ಅವರಿಗೆ ನಗು ಬರುತ್ತದೆ.

ಅಭ್ಯಾಸ ಚೆನ್ನಾಗಿ ನಡೆಯಿತು ಎಂದು ಬರೆಯಲು ಸೀ ತಿಜಾನಿ ಹೇಳಿದ್ದಾರೆ. ಬರೆದಿದ್ದೇನೆ. ಸಹಿ ಹಾಕಿದ ನಮೂನೆ ಇದರೊಂದಿಗಿದೆ.

ಕೆಲ್ತೂಮ್ ಬೂಹ್ಲಾಲ್


ಕಾಸಾಬ್ಲಾಂಕಾ
3 ಜುಲೈ 2003

ಲಲ್ಲಾ ಕೆಲ್ತೂಮ್ ಅವರಿಗೆ,

ನಾಲ್ಕು ನಿಮಿಷ ಎಂದರೆ ನಮ್ಮ ಐದು ಕಾರ್ಖಾನೆಗಳಲ್ಲೇ ಉತ್ತಮ ಸಮಯ. ಅಭಿನಂದನೆಗಳು. ಅಗಾದಿರ್‌ನವರು ಹನ್ನೊಂದು ನಿಮಿಷ ತೆಗೆದುಕೊಂಡರು. ಅದರಲ್ಲಿ ಮೂರು ನಿಮಿಷ ಚಪ್ಪಲಿ ಹುಡುಕುವುದಕ್ಕೇ ಹೋಯಿತಂತೆ.

ಒಂದು ಸಣ್ಣ ಅನುಮಾನ. ಒಳಗಿದ್ದವರು 126, ಹೊರಗೆ ಎಣಿಸಿದ್ದು 171. ಕಚೇರಿಯವರು, ಲಾರಿ ಇಳಿಸುವವರು, ಗೇಟಿನವರು ಸೇರಿ ಅಷ್ಟಾಗಿರಬೇಕು ಎಂದುಕೊಂಡಿದ್ದೇನೆ. ಹೌದೆಂದು ಒಂದು ಸಾಲು ಬರೆದರೆ ಸಾಕು.

ಇದ್ರೀಸ್ ಲಮ್ರಾನಿ


ಸಫಿ
28 ಜುಲೈ 2003

ಸೀ ಇದ್ರೀಸ್,

ಉತ್ತರ ತಡವಾಯಿತು. ಮೂರು ಸಲ ಬರೆದು ಹರಿದೆ. ನೀವು ಕೇಳಿದ ಒಂದು ಸಾಲು ಸುಲಭವಿತ್ತು, ಅದನ್ನೇ ಬರೆಯಲಾಗಲಿಲ್ಲ.

ಕಚೇರಿಯವರು, ಲಾರಿಯವರು ಎಲ್ಲರೂ ಆ 126ರಲ್ಲೇ ಇದ್ದಾರೆ. ಉಳಿದ 45 ಜನ ಹೊರಗಿನಿಂದ ಓಡಿಬಂದವರು.

ನೀವು ಸಫಿಗೆ ಬಂದಿದ್ದೀರೋ ಇಲ್ಲವೋ ತಿಳಿಯದು. ಇಲ್ಲಿ ದೋಣಿಗಳು ಮೀನು ತಂದಾಗ ಕಾರ್ಖಾನೆ ಸೈರನ್ ಕೂಗಿಸುತ್ತದೆ. ಗೇಟಿನೆದುರಿನ ಓಣಿಯ ಮನೆಗಳಲ್ಲಿರುವ ಹೆಂಗಸರು ಆ ಸದ್ದಿಗೆ ಏಪ್ರನ್ ಕಟ್ಟಿಕೊಂಡು ಓಡುತ್ತಾರೆ. ಮೊದಲು ಬಂದವರಿಗೆ ಮೇಜಿನಲ್ಲಿ ಜಾಗ, ತಡವಾದವರಿಗೆ ಅಂದಿನ ಕೆಲಸವಿಲ್ಲ. ನನ್ನ ತಾಯಿಯೂ ಹೀಗೆಯೇ ಓಡಿದವಳು. ಯಾವ ಕಾರ್ಖಾನೆಯ ಸೈರನ್ ಎಂದು ಬಟ್ಟೆ ಒಗೆಯುತ್ತಲೇ ಗುರುತು ಹಿಡಿಯುತ್ತಾರೆ. ಎರಡು ಸಲ ಕೂಗಿದರೆ ಮೀನು, ಒಂದು ನಿಮಿಷ ಕೂಗಿದರೆ ಅಪಾಯ ಎಂದು ನಿಮ್ಮ ಪುಸ್ತಕ ಹೇಳುತ್ತದೆ. ಊಟದ ತಟ್ಟೆ ಬಿಟ್ಟು ಓಡುವವಳು ಸದ್ದಿನ ಉದ್ದ ಅಳೆಯುವುದಿಲ್ಲ.

ಅಂದು ನಾವು ಗೇಟಿನಿಂದ ಹೊರಗೆ ಹೋಗುತ್ತಿದ್ದೆವು, ಅವರು ಅದೇ ಗೇಟಿನಿಂದ ಒಳಗೆ ನುಗ್ಗುತ್ತಿದ್ದರು. "ಹೊರಗೆ ಹೋಗ್ರೇ!" ಎಂದು ನಾನು ಕೂಗಿದರೆ, "ನೀನು ನಿನ್ನ ಸೋದರತ್ತೆ ಮಕ್ಕಳಿಗೆ ಜಾಗ ಇಟ್ಕೊಂಡಿರ್ಬೇಕು, ಅದಕ್ಕೇ ಓಡಿಸ್ತಿದೀಯ" ಎಂದು ಒಬ್ಬಳು ನನ್ನನ್ನೇ ತಳ್ಳಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಹೋದ ಮೇಲೆ ನಗು ನಿಂತಿತು. ಇಲ್ಲಿ ಗಾಳಿ ವರ್ಷದ ಬಹುಪಾಲು ಕಡಲಿನಿಂದ ಗೇಟಿನ ಕಡೆಗೇ ಬೀಸುತ್ತದೆ. ನಿಜವಾಗಿ ಅಮೋನಿಯಾ ಸೋರಿದ ದಿನ ನಾವು ಇಡೀ ಓಣಿಯನ್ನು ಅದರೊಳಗೆ ಕರೆದಂತಾಗುತ್ತದೆ.

ಮೊದಲೇ ಗೊತ್ತಿರಲಿಲ್ಲವೇ ಎಂದು ಕೇಳುತ್ತೀರಿ. ಗೊತ್ತಿತ್ತು. ಪುಸ್ತಕ ಬರೆದವರು ಇದನ್ನು ಯೋಚಿಸಿಯೇ ಬರೆದಿರುತ್ತಾರೆ ಎಂದುಕೊಂಡೆ.

ಕೆಲ್ತೂಮ್


ಕಾಸಾಬ್ಲಾಂಕಾ
7 ಆಗಸ್ಟ್ 2003

ಲಲ್ಲಾ ಕೆಲ್ತೂಮ್ ಅವರಿಗೆ,

ನಿಮ್ಮ ಪತ್ರ ಓದಿದೆ. ವಿಷಯ ಗಂಭೀರವಾದದ್ದು, ಒಪ್ಪುತ್ತೇನೆ. ಕಾರ್ಯಕ್ರಮ ಪುಸ್ತಕದ ಮುಂದಿನ ಪರಿಷ್ಕರಣೆ ಜನವರಿಯಲ್ಲಿದೆ. ಆಗ ಇದನ್ನು ಮೊದಲ ವಿಷಯವಾಗಿ ಎತ್ತಿಕೊಳ್ಳುತ್ತೇನೆ. ಅಲ್ಲಿಯವರೆಗೆ ಓಣಿಯ ಗೋಡೆಗಳಿಗೆ ಒಂದು ಸೂಚನಾ ಪತ್ರ ಅಂಟಿಸಿ. ಅದರ ಒಕ್ಕಣೆಯನ್ನು ಕಾನೂನು ವಿಭಾಗ ನೋಡಿದೆ, ಇದರೊಂದಿಗೆ ಇಟ್ಟಿದ್ದೇನೆ.

ನಮ್ಮ ವಿಭಾಗದಲ್ಲಿ ನಾನು ಮತ್ತು ಒಬ್ಬ ಬೆರಳಚ್ಚುಗಾರ್ತಿ, ಇಬ್ಬರೇ. ಐದು ಕಾರ್ಖಾನೆ. ನಿರ್ದೇಶಕರು ಮೊನ್ನೆ ಮೊಗಸಾಲೆಯಲ್ಲಿ ಸಿಕ್ಕು, "ಏನಪ್ಪಾ ಲಮ್ರಾನಿ, ಈ ವಾರ ಯಾವ ಪ್ರಳಯ?" ಎಂದರು. ಇಲ್ಲಿ ನನ್ನ ಕೆಲಸಕ್ಕೆ ಇರುವ ಬೆಲೆ ಅಷ್ಟು. ಸ್ವಲ್ಪ ತಾಳ್ಮೆಯಿರಲಿ.

ಇದ್ರೀಸ್ ಲಮ್ರಾನಿ


ಸಫಿ
19 ಆಗಸ್ಟ್ 2003

ಸೀ ಇದ್ರೀಸ್,

ಸೂಚನಾ ಪತ್ರ ಅಂಟಿಸಿದೆ. ಓಣಿಯ ಹತ್ತು ಹೆಂಗಸರಲ್ಲಿ ಏಳು ಜನರಿಗೆ ಓದು ಬಾರದು. ಉಳಿದ ಮೂವರು ಓದಿ, "ಹಾಗಾದ್ರೆ ಒಂದು ನಿಮಿಷ ಕೂಗೋವರೆಗೂ ನಿಂತು ಕೇಳಿಸ್ಕೊಳ್ಳೋದಾ? ಅಷ್ಟರಲ್ಲಿ ಪಕ್ಕದ ಮನೆಯವಳು ನನ್ನ ಮೇಜಲ್ಲಿ ಕೂತಿರ್ತಾಳೆ" ಅಂದರು. ಮನೆ ಮನೆಗೆ ಹೋಗಿ ಹೇಳಿದೆ. ಚಹಾ ಕುಡಿಸಿದರು, ತಲೆಯಾಡಿಸಿದರು. ಮರುದಿನ ಸೈರನ್ ಕೂಗಿದಾಗ ಎಂದಿನಂತೆ ಓಡಿಬಂದರು. ಅಂದು ಮೀನೇ ಬಂದಿತ್ತು, ಅವರದು ತಪ್ಪಲ್ಲ.

ಅಪಾಯಕ್ಕೆಂದೇ ಬೇರೆ ಸದ್ದಿನ ದೊಡ್ಡ ಗಂಟೆಯೊಂದನ್ನು ಕೊಡಿಸಿ, ಶೀತಲಗೃಹದವರೆಗೂ ಕೇಳಿಸುವಂಥದ್ದು, ಎಂದು ಸೀ ತಿಜಾನಿಯವರನ್ನು ಕೇಳಿದೆ. "ಇರೋ ಸೈರನ್‌ಗೆ ಗಂಟಲು ಕಟ್ಟಿದ್ಯಾ? ಅಭ್ಯಾಸ ಚೆನ್ನಾಗಿ ಆಯ್ತು ಅಂತ ನೀನೇ ಸಹಿ ಹಾಕಿದೀಯಲ್ಲ. ಈಗ ಗಂಟೆ ಕೇಳಿದ್ರೆ ಕಾಸಾಬ್ಲಾಂಕಾದವರು ನಿನ್ನ ಸಹಿ ಸುಳ್ಳಾ ಅಂತಾರೆ" ಎಂದರು.

ಅದು ಸರಿಯಾದ ಮಾತು, ಅದಕ್ಕೇ ಚುಚ್ಚುತ್ತದೆ.

ಈಗ ನಾನು ಕೂತಲ್ಲಿ ಕೂರುವುದಿಲ್ಲ. ಕೆಲಸದ ನಡುವೆ ಎದ್ದು ಗಾಳಿ ಯಾವ ಕಡೆಗಿದೆ ಎಂದು ನೋಡುತ್ತೇನೆ, ಪೈಪುಗಳ ಕೆಳಗೆ ನಿಲ್ಲುತ್ತೇನೆ. "ಖಾಲ್ತಿ ಕೆಲ್ತೂಮ್ ಅಧಿಕಾರಿಯಾದ್ಮೇಲೆ ನಾಯಿ ಥರ ಮೂಸ್ತಾ ತಿರುಗ್ತಾಳೆ" ಎಂದು ಹುಡುಗಿಯರು ಆಡಿಕೊಳ್ಳುತ್ತಾರೆ.

ಒಂದೇ ಒಂದು ಪ್ರಶ್ನೆ. ಅಮೋನಿಯಾ ಸೋರಿದಾಗ ಸೈರನ್ ಒತ್ತದೇ ಇರುವ ಅಧಿಕಾರ ನನಗಿದೆಯೇ? ಹೌದು ಅಥವಾ ಇಲ್ಲ ಎಂದು ಬರೆದು ಕಳುಹಿಸಿ.

ಕೆಲ್ತೂಮ್


ಕಾಸಾಬ್ಲಾಂಕಾ
4 ಅಕ್ಟೋಬರ್ 2003

ಲಲ್ಲಾ ಕೆಲ್ತೂಮ್ ಬೂಹ್ಲಾಲ್ ಅವರಿಗೆ,

ಇದೇ 2ನೇ ತಾರೀಕು, ಗುರುವಾರ ನಿಮ್ಮ ಕಾರ್ಖಾನೆಯಲ್ಲಿ ಅಮೋನಿಯಾ ಸೋರಿ ಮೆಕ್ಯಾನಿಕ್ ಲಹ್ಬೀಬ್ ತೀವ್ರವಾಗಿ ಗಾಯಗೊಂಡ ವಿಷಯ ತಿಳಿಯಿತು. ಪುಸ್ತಕದ ಹದಿನಾಲ್ಕನೇ ಪುಟದ ಪ್ರಕಾರ ಸೈರನ್ ಕೂಗಿಸಲಾಗಿಲ್ಲ ಮತ್ತು ಕಾರ್ಮಿಕರನ್ನು ಗೊತ್ತುಪಡಿಸಿದ ಬಯಲಿಗೆ ಕರೆದೊಯ್ದಿಲ್ಲ ಎಂದು ವ್ಯವಸ್ಥಾಪಕರು ವರದಿ ಮಾಡಿದ್ದಾರೆ. ಕಾರಣವನ್ನು ಲಿಖಿತವಾಗಿ ತಿಳಿಸಿ. ವಿಚಾರಣೆ 23ರಂದು ಇಲ್ಲಿ, ಪ್ರಧಾನ ಕಚೇರಿಯಲ್ಲಿ ನಡೆಯಲಿದೆ.

ನಿಮ್ಮ ಆಗಸ್ಟ್ ಪತ್ರಕ್ಕೆ ಉತ್ತರಿಸಲು ಆಗಿರಲಿಲ್ಲ.

ಇದ್ರೀಸ್ ಲಮ್ರಾನಿ


ಸಫಿ
6 ಅಕ್ಟೋಬರ್ 2003

ಸೀ ಇದ್ರೀಸ್,

ಲಿಖಿತವಾಗಿ ಕೇಳಿದ್ದೀರಿ, ನಡೆದದ್ದನ್ನು ಬರೆಯುತ್ತೇನೆ.

ಗುರುವಾರ ಸಂಜೆ ನಾಲ್ಕು ಹತ್ತು. ಬೆಳಗಿನ ಮೀನು ಮುಗಿಯುತ್ತ ಬಂದಿತ್ತು, ಮೇಜುಗಳಲ್ಲಿ 118 ಹೆಂಗಸರಿದ್ದರು. ಕಡಲು ಒರಟಾಗಿದ್ದರಿಂದ ಮುಂದಿನ ದೋಣಿಗಳು ತಡವಾಗಿದ್ದವು. ಹಾಗಾಗಿ ಇಡೀ ಓಣಿ ನಮ್ಮ ಸೈರನ್ನಿಗೆ ಕಿವಿಗೊಟ್ಟು ಕೂತಿತ್ತು. ಯಂತ್ರದ ಕೋಣೆಯಲ್ಲಿ ಪೈಪಿನ ಕೂಡಿಕೆ ಒಡೆಯಿತು. ವಾಸನೆ ಮೊದಲು ನನ್ನ ಮೂಗಿಗೇ ಹೊಡೆಯಿತು. ಸೈರನ್ನಿನ ಗುಂಡಿ ವ್ಯವಸ್ಥಾಪಕರ ಕೋಣೆಯ ಹೊರಗೋಡೆಯಲ್ಲಿದೆ. ಸೀ ತಿಜಾನಿ ಬಂದರಿಗೆ ಹೋಗಿದ್ದರು. ನಾನು ಗುಂಡಿಯ ಮುಂದೆ ನಿಂತೆ, ಕೈಯನ್ನೂ ಎತ್ತಿದೆ. ಕಿಟಕಿಯಿಂದ ಗೇಟು ಕಾಣುತ್ತಿತ್ತು. ಬಿಳಿ ಹೊಗೆ ನೆಲಕ್ಕಂಟಿಕೊಂಡು ಆ ಕಡೆಗೇ ಹರಿಯುತ್ತಿತ್ತು.

ಒತ್ತಲಿಲ್ಲ.

ಮೀನು ಸಾಗಿಸುವ ಪಟ್ಟಿಯ ಯಂತ್ರ ನಿಲ್ಲಿಸಿದೆ. ತಗಡಿನ ತಟ್ಟೆಗೆ ಚಾಕು ಬಡಿಯುತ್ತ ಮೇಜಿಂದ ಮೇಜಿಗೆ ಓಡಿದೆ. ತಲೆವಸ್ತ್ರ ಒದ್ದೆ ಮಾಡಿ ಮೂಗಿಗೆ ಹಿಡಿಯಿರಿ, ಮೀನು ಇಳಿಸುವ ಬಾಗಿಲಿಂದ ಕಡಲ ಕಡೆಗೆ ನಡೆಯಿರಿ ಎಂದು ಕೂಗಿದೆ. "ಖಾಲ್ತಿ, ಪುಸ್ತಕದಲ್ಲಿ ಗೇಟು ಅಲ್ವಾ?" ಎಂದು ಒಬ್ಬಳು ನಿಂತಳು. "ಪುಸ್ತಕ ಗಾಳಿ ನೋಡಿಲ್ಲ, ನಡಿಯೇ!" ಎಂದು ದೂಡಿದೆ. ಕಾವಲಿನ ಬೂಶ್ತಾನನ್ನು ಶೀತಲಗೃಹಕ್ಕೆ ಓಡಿಸಿದೆ. ಲಹ್ಬೀಬ್ ಒಳಗೆ ಒಬ್ಬನೇ ಇದ್ದ. ಆ ಬಾಗಿಲು ನನ್ನ ಒಂದು ಗೇಣಿನಷ್ಟು ದಪ್ಪ. ಹೊರಗಿನ ಕೂಗು, ಬಡಿತ ಯಾವುದೂ ಒಳಗೆ ಕೇಳಿಸುವುದಿಲ್ಲ. ಸೈರನ್ ಮಾತ್ರ ಅದರ ಚಾವಣಿಯ ಮೇಲೇ ಇದೆ, ಒಳಗೆ ಕೇಳಿಸುವುದು ಅದೊಂದೇ.

ಬೂಶ್ತಾ ಅರ್ಧ ಹಜಾರದವರೆಗೆ ಹೋಗಿ ಉಸಿರು ಕಟ್ಟಿ ವಾಪಸು ಬಂದ. ಅವನನ್ನು ಬೈಯುವವರು ಅಲ್ಲಿ ಹತ್ತು ಹೆಜ್ಜೆ ಇಟ್ಟು ಬಂದು ಬೈಯಲಿ. ಕಡಲ ದಂಡೆಯಲ್ಲಿ ಎರಡು ಸಲ ಎಣಿಸಿದೆ, ಎರಡು ಸಲವೂ 118. ಓಣಿಯಿಂದ ಒಬ್ಬಳೂ ಬರಲಿಲ್ಲ. ಲಹ್ಬೀಬ್ ಏನೂ ತಿಳಿಯದೆ ಎಂದಿನಂತೆ ಬಾಗಿಲು ತೆರೆದು ನೇರ ಆ ಹೊಗೆಯೊಳಕ್ಕೆ ಕಾಲಿಟ್ಟಿದ್ದಾನೆ. ಅಗ್ನಿಶಾಮಕದವರು ನಾಲ್ಕೂ ನಲವತ್ತಕ್ಕೆ ಅವನನ್ನು ಎತ್ತಿಕೊಂಡು ಬಂದರು. ಬಲಗಣ್ಣು ಹೋಗಿದೆ. ಎಡಗಣ್ಣಿನ ಬಗ್ಗೆ ವೈದ್ಯರು ಬಾಯಿ ಬಿಡುತ್ತಿಲ್ಲ.

ಸೈರನ್ ಕೂಗಿದ್ದರೆ ಅವನು ಹಿಂದಿನ ಕಿರುಬಾಗಿಲಿಂದ ಹೊರಗೆ ಹೋಗುತ್ತಿದ್ದ. ಜೂನ್ ಅಭ್ಯಾಸದಲ್ಲಿ ಹಾಗೆಯೇ ಹೋಗಿದ್ದ. ಇದನ್ನು ಬೇರೆಯವರು ಹೇಳುವ ಮೊದಲು ನಾನೇ ಬರೆಯುತ್ತಿದ್ದೇನೆ.

ಕೆಲ್ತೂಮ್


ಕಾಸಾಬ್ಲಾಂಕಾ
10 ಅಕ್ಟೋಬರ್ 2003

ಲಲ್ಲಾ ಕೆಲ್ತೂಮ್,

ಈ ಪತ್ರ ಕಡತಕ್ಕಲ್ಲ.

ನಿಮ್ಮ ಜುಲೈ ಪತ್ರ ನನ್ನ ಕೈ ಸೇರುವ ಮೊದಲೇ ಸಫಿಯ ಕಡತಕ್ಕೆ 'ಸಮರ್ಪಕ' ಎಂದು ಮುದ್ರೆ ಒತ್ತಿ ಖರೀದಿದಾರರಿಗೆ ಕಳುಹಿಸಿದ್ದೆ. ಆ 45 ಜನರ ವಿಷಯ ತಿಳಿದ ಮೇಲೆ ಮುದ್ರೆಯನ್ನು ವಾಪಸು ಪಡೆಯಬೇಕಿತ್ತು. ಪಡೆದರೆ ಇಡೀ ಹಂಗಾಮಿನ ಸರಕು ಬಂದರಿನಲ್ಲಿ ನಿಲ್ಲುತ್ತಿತ್ತು. ಜನವರಿ ದೂರವಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹೌದು ಅಥವಾ ಇಲ್ಲ ಎಂದು ನೀವು ಕೇಳಿದ ಪತ್ರ ಆರು ವಾರ ನನ್ನ ಮೇಜಿನ ಮೇಲಿತ್ತು. ಹೌದು ಎಂದು ಬರೆದರೆ ನಾನು ಮುದ್ರೆ ಒತ್ತಿದ ಪುಟ ಸುಳ್ಳಾಗುತ್ತಿತ್ತು. ಇಲ್ಲ ಎಂದು ಬರೆಯಲು ಕೈ ಏಳಲಿಲ್ಲ.

ಈಗ ಕೇಳಿ. ಸೈರನ್ ಅಭ್ಯಾಸ ಚೆನ್ನಾಗಿ ನಡೆಯಿತು ಎಂದು ನೀವು ಸಹಿ ಮಾಡಿದ ನಮೂನೆಯೇ ವಿಚಾರಣೆಯಲ್ಲಿ ನಿಮ್ಮ ವಿರುದ್ಧ ಮೊದಲ ಕಾಗದ. ಕೆಲಸ ಹೋಗುವುದು ಖಂಡಿತ, ಪೊಲೀಸರವರೆಗೂ ಹೋಗಬಹುದು. ಗುಂಡಿ ಒತ್ತಿದೆ, ತಂತಿ ಕೆಟ್ಟು ಸದ್ದು ಬರಲಿಲ್ಲ ಎಂದು ನೀವು ಹೇಳಿದರೆ ಯಾರೂ ತಳ ಕೆದಕುವುದಿಲ್ಲ. ಆ ದಿನದ ಹೊಗೆಯಲ್ಲಿ ತಂತಿ ಹಾಳಾಗಿದೆ ಎಂದು ವಿದ್ಯುತ್ ವಿಭಾಗ ಬರೆದುಕೊಡುತ್ತದೆ. ನಾನು ಮಾತಾಡಿದ್ದೇನೆ.

ಇದ್ರೀಸ್


ಸಫಿ
14 ಅಕ್ಟೋಬರ್ 2003

ಸೀ ಇದ್ರೀಸ್,

ಒತ್ತಿದೆ ಎಂದು ಹೇಳಿದರೆ ನಾಳೆ ಹೊಸ ತಂತಿ ಎಳೆಯುತ್ತಾರೆ. ಅದೇ ಸೈರನ್, ಅದೇ ಪುಟ. ನನ್ನ ಜಾಗಕ್ಕೆ ಬರುವವಳು ಪುಸ್ತಕ ನಂಬುವವಳಾಗಿದ್ದರೆ ಒತ್ತುತ್ತಾಳೆ.

ಜೂನ್‌ನಲ್ಲಿ ಒಮ್ಮೆ ಸುಳ್ಳಿಗೆ ಸಹಿ ಹಾಕಿದೆ. ಎರಡನೆಯದಕ್ಕೆ ಬೇರೆಯವರನ್ನು ಹುಡುಕಿಕೊಳ್ಳಿ.

ಕೆಲ್ತೂಮ್


ಕಾಸಾಬ್ಲಾಂಕಾ
17 ಅಕ್ಟೋಬರ್ 2003

ಲಲ್ಲಾ ಕೆಲ್ತೂಮ್,

ನಿಮ್ಮ ಪತ್ರ ಓದಿ ಒಂದು ದಿನ ನಿಮ್ಮ ಮೇಲೆ ಕೋಪವಿತ್ತು. ಎರಡನೇ ದಿನ ನನ್ನ ಹೇಳಿಕೆ ಬರೆದೆ. ಜುಲೈ 3ರಂದು 45 ಜನರ ವ್ಯತ್ಯಾಸ ನನ್ನ ಗಮನಕ್ಕೆ ಬಂದಿತ್ತು. ಉತ್ತರಕ್ಕೆ ಕಾಯದೆ ಮುದ್ರೆ ಒತ್ತಿದೆ. ಉತ್ತರ ಬಂದ ಮೇಲೂ ಸುಮ್ಮನಿದ್ದೆ. ಕಡತದಲ್ಲಿರುವ ನಿಮ್ಮ ನಾಲ್ಕು ಪತ್ರಗಳ ಪ್ರತಿ ಲಗತ್ತಿಸಿ ನಿರ್ದೇಶಕರ ಮೇಜಿನ ಮೇಲೆ ಇಟ್ಟೆ.

ಅವರು ಎರಡು ಸಲ ಓದಿದರು. "ನಿನ್ನ ಕೆಲಸ ಕಾಗದ ಸರಿ ಇಡೋದಪ್ಪಾ ಲಮ್ರಾನಿ, ಕಾರ್ಖಾನೆ ನಡೆಸೋದಲ್ಲ" ಅಂದರು. ಕಾರ್ಖಾನೆಯೊಳಗೆ ಕಾಲಿಡದೆ ಕಾಗದ ಸರಿ ಇಡಲಾಗದು ಎಂದೆ. ವಿಭಾಗ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಹೇಳಿಕೆಯನ್ನು ವಾಪಸು ಪಡೆದಿಲ್ಲ.

ನಾನು ಸಫಿಗೆ ಒಮ್ಮೆಯೂ ಬಂದಿಲ್ಲ. ಅದನ್ನೂ ಅದರಲ್ಲಿ ಬರೆದಿದ್ದೇನೆ.

ಇದ್ರೀಸ್


ಸಫಿ
21 ಅಕ್ಟೋಬರ್ 2003

ಸೀ ಇದ್ರೀಸ್,

ನಿನ್ನೆ ಲಹ್ಬೀಬನ ಮನೆಗೆ ಹೋಗಿದ್ದೆ. ಇಷ್ಟು ದಿನ ಆಸ್ಪತ್ರೆಯ ಬಾಗಿಲವರೆಗೆ ಹೋಗಿ ಹಿಂದಿರುಗುತ್ತಿದ್ದೆ. ಅವನ ಹೆಂಡತಿ ಯಾಮ್ನಾ ಓಣಿಯ ಮೂರನೇ ಮನೆಯವಳು, ನಮ್ಮ ಮೇಜುಗಳಲ್ಲೇ ಕೆಲಸ ಮಾಡುವವಳು. ಎಡಗಣ್ಣಿಗೆ ಬೆಳಕು ಕತ್ತಲೆಯ ಅಂತರ ಗೊತ್ತಾಗುತ್ತಿದೆಯಂತೆ. ಅದಕ್ಕಿಂತ ಹೆಚ್ಚಾಗುತ್ತದೋ ತಿಳಿಯದು.

ಗುಂಡಿಯ ಮುಂದೆ ನಿಂತದ್ದು, ಕೈ ಎತ್ತಿದ್ದು, ಒತ್ತದೇ ಇದ್ದದ್ದು, ಎಲ್ಲವನ್ನೂ ಹೇಳಿದೆ. ಕ್ಷಮಿಸು ಎಂದು ಕೇಳಲಿಲ್ಲ. ಕೇಳಿದರೆ ಉತ್ತರ ಕೊಡುವ ಹೊರೆ ಅವಳ ಮೇಲೆ ಬೀಳುತ್ತಿತ್ತು.

ಅವಳು, "ಅವತ್ತು ಮಧ್ಯಾಹ್ನದಿಂದ ಏಪ್ರನ್ ಕಟ್ಕೊಂಡೇ ಕೂತಿದ್ದೆ ಖಾಲ್ತಿ. ಚಿಕ್ಕವಳನ್ನ ಪಕ್ಕದ ಮನೆಗೆ ಬಿಟ್ಟಾಗಿತ್ತು. ನೀನು ಸೈರನ್ ಊದಿಸಿದ್ದಿದ್ರೆ ಗೇಟು ದಾಟಿದ ಮೊದಲ ಹತ್ತು ಜನದಲ್ಲಿ ನಾನಿರ್ತಿದ್ದೆ" ಅಂದಳು.

"ಗೊತ್ತು" ಅಂದೆ.

"ನನಗೂ ಗೊತ್ತು. ದಿನಾ ಅದನ್ನೇ ಲೆಕ್ಕ ಹಾಕ್ತೀನಿ. ನಾನು ಸತ್ತು ಆ ಮಗು ತಬ್ಬಲಿ ಆಗ್ತಿತ್ತು." ಅವಳು ಎದ್ದು ಒಲೆಯ ಮೇಲಿನ ಚಹಾ ಇಳಿಸಿದಳು. ಬೆನ್ನು ನನ್ನ ಕಡೆಗಿತ್ತು. "ಆದ್ರೂ ನೀನು ಊದಿಸ್ಬೇಕಿತ್ತು."

ಲೋಟ ಕೈಗಿಟ್ಟಳು, ಕುಡಿದೆ. ಇಬ್ಬರೂ ಕುಡಿದೆವು.

ಹೊರಡುವಾಗ, "ಗುರುವಾರ ಅವರ ಮುಂದೆ ಏನು ಹೇಳ್ತೀಯ?" ಎಂದು ಕೇಳಿದಳು.

"ಇದ್ದದ್ದು ಇದ್ದ ಹಾಗೆ."

"ನಿನ್ನದು ನೀನು ಹೇಳ್ತೀಯ. ನಂದು ಯಾರು ಹೇಳ್ತಾರೆ? ಕಾರ್ಖಾನೆಯವರು ನಮ್ಮ ಓಣೀನ ಒಂದು ದಿನವೂ ಕೇಳಿಲ್ಲ. ನಾನೂ ಬರ್ತೀನಿ. ನೀನು ನನ್ನ ಉಳಿಸಿದೆ ಅಂತಾನೂ ಹೇಳ್ತೀನಿ, ಅವನ ಕಣ್ಣು ತೆಗೆದೆ ಅಂತಾನೂ ಹೇಳ್ತೀನಿ. ಬರ್ಕೊಳ್ಳೋಕೆ ಅವರ ಹತ್ರ ಒಂದೇ ಖಾನೆ ಇದ್ರೆ ಅದು ಅವರ ಕಷ್ಟ."

ನಾಳೆಯ ಬಸ್ಸಿನಲ್ಲಿ ಇಬ್ಬರೂ ಬರುತ್ತಿದ್ದೇವೆ. ಅವಳ ಹೆಸರು ನಿಮ್ಮ ಪಟ್ಟಿಯಲ್ಲಿಲ್ಲ. ಸೇರಿಸಿ. ನನ್ನ ಕುರ್ಚಿಯ ಪಕ್ಕದಲ್ಲಿ ಇನ್ನೊಂದು ಹಾಕಿಸಿ.

ಕೆಲ್ತೂಮ್